ಬುಧವಾರದ ಮೀನು

ನಿಂಗ್ಬೊ ಬಂದರು, ಸೋಮವಾರ

ಅಪ್ಪಾ,

ನಿಮ್ಮ ಮಂಡಿನೋವಿಗೆ ಎಣ್ಣೆ ಕಳಿಸಿದ್ದೇನೆ, ಹಚ್ಚಿಕೊಳ್ಳಿ.

ಅವತ್ತು ನಮ್ಮ ಅಮೆರಿಕದ ಗಿರಾಕಿ ತಟ್ಟೆಯಲ್ಲಿದ್ದ ಮೀನನ್ನು ಮಗುಚಿದಾಗ, ಆಯಸ್ಸೆಲ್ಲ ಹಡಗಿನಲ್ಲಿ ದುಡಿದ ನೀವು "ಮೀನು ಮಗುಚಿದ್ರೆ ಹಡಗೂ ಮಗುಚತ್ತೆ ಕಣಯ್ಯಾ" ಎಂದು ಊಟ ಬಿಟ್ಟು ಎದ್ದಿರಿ. "ನಾನು ಕ್ರಿಸ್‌ಮಸ್ ದೀಪ ಮಾರೋಳು, ನಂಗ್ಯಾಕೆ ಅದೆಲ್ಲ" ಎಂದೆ. ಮರುವಾರವೇ ಅಮೆರಿಕದಲ್ಲಿ ನಮ್ಮ ಮಾಲಿನ ಮೇಲೆ ಸುಂಕ ಏರಿತು, ಗಿರಾಕಿ ಮಾಲು ಬೇಡವೆಂದ. ಈಗ ಸುಂಕ ಇಳಿದಿದೆಯಂತೆ. "ಮತ್ತೆ ಏರೋದ್ರೊಳಗೆ ಕಳಿಸಿ" ಎನ್ನುತ್ತಾನೆ. ಎಲ್ಲರೂ ಒಟ್ಟಿಗೇ ಬಂದರಿಗೆ ನುಗ್ಗಿ ಕಂಟೇನರ್ ಬಾಡಿಗೆ ದುಪ್ಪಟ್ಟಾಗಿದೆ. ಆದರೂ ತುಂಬಿಸಿದೆ. ಗುರುವಾರ ಹಡಗು ಹೊರಡುತ್ತದೆ. ಅದು ದಡ ಸೇರುವ ಹೊತ್ತಿಗೆ ಸುಂಕ ಎಷ್ಟಿರುತ್ತದೋ, ಅವನಿಗೂ ಗೊತ್ತಿಲ್ಲ.

ಇದಕ್ಕೂ ಮೀನಿಗೂ ಸಂಬಂಧವಿಲ್ಲ ಎಂದೇ ಈಗಲೂ ನನ್ನ ವಾದ. ಆದರೆ ನಿನ್ನೆ ಕಾರ್ಖಾನೆಯ ಅಡುಗೆಯವಳು ಬಾಣಲೆಯಲ್ಲಿ ಮೀನು ಮಗುಚಲು ಹೋದಾಗ ಅವಳ ಕೈ ಹಿಡಿದುಕೊಂಡುಬಿಟ್ಟೆ. "ಹಂಗಾದ್ರೆ ಇನ್ನೊಂದ್ ಕಡೆ ಹಸೀದೇ ತಿಂತೀರಾ?" ಎಂದಳು.

ಬುಧವಾರ ಊಟಕ್ಕೆ ಬನ್ನಿ. ಇಡೀ ಮೀನನ್ನೇ ಹಬೆಯಲ್ಲಿ ಬೇಯಿಸಿಡುತ್ತೇನೆ. ಮೇಲಿನ ಭಾಗ ತಿಂದಾದ ಮೇಲೆ ಮೀನು ಮಗುಚದೆ ನಡುಮುಳ್ಳನ್ನು ನೀವೇ ಎತ್ತಿ ತೆಗೆಯಬೇಕು. ಮರುದಿನ ಹಡಗು ಹೊರಡಬೇಕು.

ನಿಮ್ಮ ಮಗಳು,
ಲಿಂಗ್‌ಫೆನ್