ಬಿಳಿ ಗಡ್ಡದ ಮುತ್ಯಾ

ಮಂಗಳವಾರ, ೧೪ ಅಕ್ಟೋಬರ್ ೨೦೨೫
ಮಾದನಹಿಪ್ಪರಗಾ

ಆಟ ಇನ್ನೆಷ್ಟು ವರ್ಷ ನಡೆಯುತ್ತದೋ ಎಂಬ ಚಿಂತೆ ಇಂದೂ ಬಿಡಲಿಲ್ಲ. ಮೊಬೈಲ್ ಆಟದ ಆ ಹಳೆಯ ರಾಜ್ಯದಲ್ಲಿ ಒಂದು ಕಾಲಕ್ಕೆ ನಮ್ಮ ಗುಂಪಿನವರೇ ನಲವತ್ತು ಜನ ಇದ್ದೆವು. ಇಂದು ಸಂಜೆ ನಾನು ಮತ್ತು ಅಫಜಲಪುರದ ಮಂಜರಿ, ಇಬ್ಬರೇ.

ಮೊದಲ ದಿನ ಇಂಗ್ಲಿಷ್ ಓದಲು ಬಾರದೆ ಬಿಳಿ ಗಡ್ಡದ ಮುದುಕನ ವೇಷ ಒತ್ತಿಬಿಟ್ಟಿದ್ದೆ. ಅಂದಿನಿಂದ ಎಲ್ಲರಿಗೂ ನಾನು ಮುತ್ಯಾ. ಕಾಳಗಕ್ಕೆ ಹೊರಡುವ ಮುನ್ನ ಎಲ್ಲರೂ ನನ್ನ ಕಾಲಿಗೆ ಬಾಗಿಯೇ ಹೋಗುತ್ತಿದ್ದರು. ನಾಲ್ಕು ಜನರ ಮುಂದೆ ಬಾಯಿ ಬಿಡಲು ಅಂಜುವ ನನಗೆ ಆ ಗಡ್ಡದ ಹಿಂದೆ ಎಷ್ಟು ಧೈರ್ಯವಿತ್ತು.

ಮಂಜರಿ ಬರೆದಳು: "ಮುತ್ಯಾ, ಆಟ ಬಂದಾದ್ರ ನಿಮ್ಮನ್ನ ಎಲ್ಲಿ ಹುಡುಕ್ಲಿರಿ? ನಂಬರ್ ಕೊಡ್ರಿ."

"ನಾ ಮುತ್ಯಾ ಅಲ್ಲ. ನನ್ನ ಹೆಸರು ಇರಮ. ಇಪ್ಪತ್ತೆರಡು ವರ್ಷದ ಹುಡುಗಿ. ಐದನೇ ತನಕ ಓದೇನಿ" ಎಂದು ಬರೆದು ನಂಬರ್ ಹಾಕಿದೆ.

ಅವಳ ಉತ್ತರ ಬಂತು: "ಐದು ವರ್ಷ ನಿನ್ನ ಕಾಲಿಗೆ ಬಿದ್ದೇನಲ್ಲ ಬೇ, ಅದನ್ನೆಲ್ಲ ವಾಪಸ್ ಕೊಡು. ನಾಳೆ ಫೋನ್ ಮಾಡ್ತೇನಿ, ಎತ್ತು."

ಎತ್ತಬೇಕು. ಇಷ್ಟು ದಿನ ಅವಳನ್ನು ಮಗಳೇ ಎಂದು ಕರೆದೆ. ನಾಳೆ ನನ್ನ ಸ್ವಂತ ದನಿಯಲ್ಲಿ ಏನೆಂದು ಕರೆಯಲಿ? ಅಕ್ಕಾ ಅನ್ನೋಣವೆಂದರೆ, ಅವಳ ವಯಸ್ಸನ್ನು ನಾನು ಒಮ್ಮೆಯೂ ಕೇಳಿಲ್ಲ.