ಅಕ್ಕನ ಸೋಪಿನ ಕಾರ್ಖಾನೆ ಹೊಳೆ ದಾಟುವುದು

ಜೂನ್ ೧೧, ಮಂಗಳವಾರ

ಕಾರ್ಖಾನೆಯಲ್ಲಿ ನನಗೂ ಪಾಲಿದ್ದರೂ, ಕಾಗದಕ್ಕೆ ನನ್ನ ಸಹಿ ಬೀಳುವವರೆಗೂ ಕಾಯದೆ ಅಕ್ಕ ಇವತ್ತು ಕೆಲಸದವರಿಗೆ ಹೇಳಿಯೇಬಿಟ್ಟಳು. ಸೋಪಿನ ಕಾರ್ಖಾನೆ ಹೊಳೆಯಾಚೆಯ ಜಿಲ್ಲೆಗೆ ಹೋಗುತ್ತದೆ. ಇಲ್ಲಿ ತೆರಿಗೆ ವರ್ಷವರ್ಷವೂ ಏರುತ್ತದೆ. ಹೊಸ ಬಾಯ್ಲರ್ ಕೂರಿಸಲು ಏಳು ಕಚೇರಿಗಳು ಒಪ್ಪಬೇಕು. ಹದಿನಾಲ್ಕು ತಿಂಗಳಿಂದ ಅದು ಟಾರ್ಪಾಲಿನ ಕೆಳಗೇ ಕೂತಿದೆ. ಅಲ್ಲಿ ಒಂದೇ ಅರ್ಜಿ ಸಾಕು.

ಇಪ್ಪತ್ತಮೂರು ಜನ ಕೈಯ ಕೆಲಸ ಬಿಟ್ಟು ನಿಂತಿದ್ದರು. ಅಚ್ಚು ಹಾಕುವ ಹಿರಿಯಮ್ಮ ಕೇಳಿದರು, "ನಮ್ಮ ಗತಿ ಏನಮ್ಮಾ?"

"ಒಬ್ಬರನ್ನೂ ಬಿಟ್ಟು ಹೋಗಲ್ಲ. ದಿನಾ ಬಸ್ ಬರುತ್ತೆ. ಬರೋಕಾಗದವ್ರಿಗೆ ನಾನೇ ಬೇರೆ ಕೆಲಸ ಹುಡುಕ್ತೀನಿ, ಸಿಗೋವರೆಗೂ ಸಂಬಳ ಕೊಡ್ತೀನಿ."

ಹಿರಿಯಮ್ಮ ಕಣ್ಣೊರೆಸಿಕೊಂಡು, "ಹಂಗಾದ್ರೆ ಕಿಟಕಿ ಪಕ್ಕದ ಸೀಟು ನಂಗೇ" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು.

ಅಪ್ಪ ಕಟ್ಟಿದ ಜಾಗವೆಂದು ಎರಡು ತಿಂಗಳಿಂದ ನಾನು ಸಹಿ ಹಾಕದೆ ಹಟ ಹಿಡಿದಿದ್ದೆ. ಅಷ್ಟು ದಿನವೂ ಅಕ್ಕ ಈ ಬಸ್ಸಿಗಾಗಿಯೇ ಓಡಾಡಿದ್ದಳಂತೆ. ನನಗೆ ಒಂದು ಮಾತೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಸಂಜೆ ನಾನೇ ಹೋಗಿ ಸಹಿ ಹಾಕಿದೆ. ಅಕ್ಕ ನನ್ನ ತಲೆ ಸವರಿದಳು. "ನೀನು ಸಹಿ ಹಾಕ್ದೇ ಹೋಗಿದ್ರೆ ಅವ್ರಿಗೆಲ್ಲ ಏನು ಹೇಳ್ಲಿ ಅಂತ ಹೆದರಿದ್ದೆ" ಎಂದಳು. ಅಷ್ಟು ಭಯ ಇಟ್ಟುಕೊಂಡೇ ಅಷ್ಟು ಜನರ ಮುಂದೆ ಹಾಗೆ ನಿಂತಳಲ್ಲ, ನಾನಾಗಿದ್ದರೆ ಸಹಿ ಬೀಳುವವರೆಗೂ ಬಾಯಿ ಬಿಡುತ್ತಿರಲಿಲ್ಲ.