ಊಟಕ್ಕೆ ತೊಂದರೆ ಇಲ್ಲ ಎಂದವರ ಮೂರು ಹಲ್ಲು

ಮಾನ್ಯ ಪರಿಶೀಲನಾಧಿಕಾರಿಗಳೇ,

ನನ್ನ ಗಂಡನ ದವಡೆಯಲ್ಲಿ ಸರ್ಕಾರದ ಎರಡು ಸ್ಕ್ರೂಗಳಿವೆ. ಅವುಗಳ ಮೇಲೆ ಕೂರಬೇಕಾಗಿದ್ದ ಮೂರು ಹಲ್ಲುಗಳನ್ನು ತಾವು ತಡೆಹಿಡಿದಿದ್ದೀರಿ. ಕಾರಣವನ್ನು ಹಿಂಬರಹದಲ್ಲಿ ಅಚ್ಚುಕಟ್ಟಾಗಿ ಕಾಣಿಸಿದ್ದೀರಿ: 'ಫಲಾನುಭವಿಯು ಆಹಾರ ಸೇವನೆಗೆ ಶಕ್ತನಾಗಿರುವುದರಿಂದ ಮುಂದಿನ ಹಂತದ ಅವಶ್ಯಕತೆ ಕಂಡುಬಂದಿರುವುದಿಲ್ಲ.' ಈ ಒಂದು ವಾಕ್ಯ ಮನೆಗೆ ಬಂದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಾನು ಹರದನಹಳ್ಳಿಯ ಗ್ರಂಥಾಲಯ ನೋಡಿಕೊಳ್ಳುವವಳು. ದಿನವೂ ನಾಲ್ಕು ಪತ್ರಿಕೆ ಬಿಡಿಸಿಡುತ್ತೇನೆ. ಅವುಗಳಲ್ಲಿ ಯಾರ್ಯಾರೋ ಯಾರ್ಯಾರಿಗೋ ಪತ್ರ ಬರೆಯುತ್ತಾರಲ್ಲ, ನಾನೂ ಬರೆದರೆ ತಪ್ಪೇನು ಅನ್ನಿಸಿತು. ಮುಚ್ಚಿದ ಲಕೋಟೆಯಲ್ಲಿ ಕೊಟ್ಟ ಮನವಿಗಳೆಲ್ಲ ತಮ್ಮ ಕಚೇರಿಯಲ್ಲಿ ನೆಮ್ಮದಿಯಾಗಿ ಮಲಗಿರುವುದರಿಂದ ಇದನ್ನು ತೆರೆದೇ ಕಳಿಸುತ್ತಿದ್ದೇನೆ.

ನನ್ನ ಗಂಡ ದೊರೆಸ್ವಾಮಿ ನಮ್ಮೂರಿನ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುವವರು. ಊದುತ್ತಿದ್ದವರು ಅನ್ನಬೇಕೇನೋ, ಆದರೆ ಆ ಮಾತು ಬರೆಯಲು ನನಗಿನ್ನೂ ಮನಸ್ಸು ಬಂದಿಲ್ಲ. ಕಳೆದ ವರ್ಷ ಭೀಮನಬೀಡಿನಲ್ಲಿ ಒಂದು ಮದುವೆ. ಮೆರವಣಿಗೆಯಲ್ಲಿ ಇವರು ಊದುತ್ತಾ ನಡೆಯುತ್ತಿದ್ದಾರೆ, ಮುಂದೆ ಮದುವೆ ಗಂಡಿನ ಗೆಳೆಯರ ಕುಣಿತ. ಒಬ್ಬ ಮಹಾನುಭಾವ ಕಣ್ಣು ಮುಚ್ಚಿಕೊಂಡು ತಿರುಗಿದ ರಭಸಕ್ಕೆ ಅವನ ಮೊಣಕೈ ಕ್ಲಾರಿನೆಟ್ಟಿನ ತುದಿಗೆ ಬಡಿದು, ವಾದ್ಯ ಸೀದಾ ಬಾಯೊಳಕ್ಕೆ ನುಗ್ಗಿತು. ಮೇಲಿನ ಸಾಲಿನ ಮೂರು ಹಲ್ಲು ಅಲ್ಲೇ ಹೋದವು. ಕುಣಿಯುವವರು ನಿಲ್ಲಲಿಲ್ಲ. ಅವರಿಗೆ ಡ್ರಮ್ಮು ಕೇಳಿಸುತ್ತಿದ್ದರೆ ಸಾಕಿತ್ತು.

ಕ್ಲಾರಿನೆಟ್ ಹಿಡಿಯುವುದು ಕೈಯಲ್ಲಾದರೂ ಅದು ನಿಲ್ಲುವುದು ಮೇಲಿನ ಹಲ್ಲಿನ ಆಸರೆಯಲ್ಲಿ. ಅದಿಲ್ಲದಿದ್ದರೆ ಗಾಳಿ ಹೋಗುತ್ತದೆ, ಸ್ವರ ಬರುವುದಿಲ್ಲ. ಇದನ್ನು ಗುಂಡ್ಲುಪೇಟೆಯಲ್ಲಿ ನಡೆದ ತಮ್ಮ 'ನಗುಮೊಗ' ಯೋಜನೆಯ ಶಿಬಿರದ ಡಾಕ್ಟರ್ ನಯನಾ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. "ನಾಳೆ ಬರುವಾಗ ನಿಮ್ಮ ವಾದ್ಯ ತಗೊಂಡು ಬನ್ನಿ, ಎಲ್ಲಿ ತಾಗುತ್ತೆ ನೋಡಬೇಕು" ಎಂದರು. ನೋಡಿದರು, ಅಳೆದರು, ಆಮೇಲೆಯೇ ಮೂಳೆಗೆ ಸ್ಕ್ರೂ ಕೂರಿಸಿದರು. "ಮೂಳೆ ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳೋಕೆ ಕೆಲವು ತಿಂಗಳು ಬೇಕು. ಆಮೇಲೆ ಮೇಲೆ ಹಲ್ಲು ಕೂರಿಸೋಣ, ಅಲ್ಲಿಯವರೆಗೂ ಊದಬೇಡಿ" ಎಂದು ಹೇಳಿ ಕಳಿಸಿದರು. ಮೂಳೆ ತನ್ನ ಕೆಲಸವನ್ನು ಹೇಳಿದ ಹೊತ್ತಿಗೆ ಮುಗಿಸಿತು. ಇಡೀ ಯೋಜನೆಯಲ್ಲಿ ಗಡುವಿನೊಳಗೆ ಕೆಲಸ ಮಾಡಿದ್ದು ಅದೊಂದೇ.

ಅಷ್ಟರಲ್ಲಿ ತಾವು ಶಿಬಿರಕ್ಕೆ ಪರಿಶೀಲನೆಗೆ ಬಂದಿರಿ. ಅಂದು ನಾನೂ ಅಲ್ಲೇ ಬಾಗಿಲ ಬಳಿ ನಿಂತಿದ್ದೆ. ಇವರ ಬಾಯನ್ನು ತಾವು ತೆರೆಸಿ ನೋಡಲಿಲ್ಲ. ಕುರ್ಚಿಯಲ್ಲಿ ಕೂತಲ್ಲಿಂದಲೇ "ಊಟಕ್ಕೇನಾದರೂ ತೊಂದರೆ ಇದೆಯೇನಪ್ಪಾ?" ಎಂದಿರಿ.

"ಏನಿಲ್ಲ ಬುಡಿ ಸಾಮಿ, ಚೆಂದಾಗೇ ಉಣ್ತೀವಿ" ಎಂದರು ಇವರು.

"ಏನು ಊಟ?"

"ಮುದ್ದ, ಸೊಪ್ಪಿನ್ ಸಾರು ಸಾಮಿ."

"ಮುದ್ದೆ ನುಂಗೋನಿಗೆ ಹಲ್ಲು ಯಾಕೆ ಬೇಕಯ್ಯಾ!" ಎಂದು ತಾವು ನಕ್ಕಿರಿ. ಸುತ್ತ ನಿಂತ ಸಿಬ್ಬಂದಿಯೂ ನಕ್ಕರು. ಬಾಯಿಗೆ ಅಂಗೈ ಅಡ್ಡ ಇಟ್ಟುಕೊಂಡು ನನ್ನ ಗಂಡನೂ ನಕ್ಕರು. ಆ ನಗುವೇ ತಮ್ಮ ಪರಿಶೀಲನೆ, ಅದೇ ತಪಾಸಣೆ, ಅದೇ ತೀರ್ಪು.

ಬಸ್ಸಿನಲ್ಲಿ ನಾನು ಇವರ ಮೇಲೆ ಹರಿಹಾಯ್ದೆ. "ಯಾಕ್ರೀ ಅಂಗಂದ್ರಿ? ತೊಂದ್ರ ಅದ ಅನ್ನಕ್ಕ ಏನಾಗಿತ್ತು?"

"ಊಟದ್ ಮಾತ್ ಕೇಳುದ್ರು ಕಣಮ್ಮಿ. ಅಷ್ಟ್ ದೊಡ್ ಮನ್ಸರ ಮುಂದ ಊಟಕ್ಕ ತೊಂದ್ರ ಅಂತ ಎಂಗ್ ಏಳನ? ಮನೇಲಿ ಅಟ್ಟಿಕ್ಕೋರಿಲ್ಲ ಅನ್ಕಳಲ್ವಾ?"

"ಕ್ಲಾರಿನೆಟ್ ಊದಕ್ಕಾಗದಿಲ್ಲ ಅಂತಾದ್ರೂ ಅನ್ಬೋದಿತ್ತಲ್ಲ."

"ಅದ್ನ ಅವ್ರು ಕೇಳ್ನೇ ಇಲ್ವಲ್ಲ."

ಮಾನ್ಯರೇ, ತಾವು ಯಾವ ಸೀಮೆಯವರೋ ನನಗೆ ಗೊತ್ತಿಲ್ಲ. ನಮ್ಮ ಕಡೆ 'ಉಂಡ್ರಾ?' ಎಂದು ಕೇಳಿದರೆ 'ಉಂಡೋ' ಎನ್ನುವುದೇ ಉತ್ತರ. ಒಲೆ ಹಚ್ಚಿರದಿದ್ದರೂ ಅದೇ ಉತ್ತರ. ಕೇಳಿದವರಿಗೆ ಮುಜುಗರ ಆಗಬಾರದು, ನಮ್ಮ ಮನೆಯ ಮರ್ಯಾದೆಯೂ ಹೋಗಬಾರದು, ಅಷ್ಟೇ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ, ಕೇಳಿದವರೂ ನಂಬುವುದಿಲ್ಲ, "ಬನ್ನಿ, ಒಂದು ತುತ್ತು ಉಣ್ಣಿ" ಎಂದು ಕೈಹಿಡಿದು ಎಳೆಯುತ್ತಾರೆ. ತಾವೊಬ್ಬರೇ ನಂಬಿದಿರಿ! ನಂಬಿ, ಮೊಹರು ಹಾಕಿದಿರಿ. ಮನೆಮಾತಿನ ಸಂಕೋಚವನ್ನು ವೈದ್ಯಕೀಯ ವರದಿ ಮಾಡಿದ ಕೀರ್ತಿ ತಮ್ಮದು.

ಆಯಿತು, ಊಟದ ವಿಷಯವನ್ನೇ ತೆಗೆದುಕೊಳ್ಳಿ. ಮುದ್ದೆಯನ್ನು ನಾವು ನುಂಗುತ್ತೇವೆ, ನಿಜ. ಹಾಗೆಂದು ಹರದನಹಳ್ಳಿಯವರು ಜೋಳದ ತೆನೆ ಕಡಿಯುವುದಿಲ್ಲವೇ? ಸೀಬೆಕಾಯಿ, ಕಬ್ಬು, ಬಾಡೂಟದ ಮೂಳೆ, ಇವನ್ನೆಲ್ಲ ನುಂಗುತ್ತೇವೆಂದು ತಿಳಿದಿರಾ? ಅಥವಾ ಮುದ್ದೆ ತಿನ್ನುವವರಿಗೆ ಇಷ್ಟೇ ಸಾಕು, ಉಳಿದದ್ದು ಅನ್ನ ಚಪಾತಿಯವರಿಗೆ ಎಂದು ಸುತ್ತೋಲೆಯೇನಾದರೂ ಇದೆಯೇ? ಇದ್ದರೆ ಗ್ರಂಥಾಲಯಕ್ಕೊಂದು ಪ್ರತಿ ಕಳಿಸಿಕೊಡಿ, ಗೋಡೆಗೆ ಅಂಟಿಸುತ್ತೇನೆ. ತಮ್ಮ ಗುಮಾಸ್ತರು "ಹಾಕಿ ತೆಗೆಯೋ ಸೆಟ್ಟು ಕೊಡ್ತೀವಿ ತಗೊಳ್ಳಿ" ಎಂದರು. ಸ್ಕ್ರೂ ಕೂರಿಸುವ ಮೊದಲೇ ಅದನ್ನೂ ಮಾಡಿಸಿ ನೋಡಿದ್ದೆವು. ಪಲ್ಲವಿ ಮುಗಿಯುವಷ್ಟರಲ್ಲಿ ಸೆಟ್ಟು ಸಡಿಲವಾಗಿ ನಾಲಗೆ ಮೇಲೆ ಬಿತ್ತು. ಊದುವವನು ಹಲ್ಲು ನುಂಗುವುದೋ ಹಾಡು ಮುಗಿಸುವುದೋ?

ತಡ ಮಾಡಿದರೆ ಅಕ್ಕಪಕ್ಕದ ಹಲ್ಲುಗಳು ಖಾಲಿ ಜಾಗಕ್ಕೆ ವಾಲುತ್ತವೆ ಎಂದು ಡಾಕ್ಟರ್ ಎಚ್ಚರಿಸಿದ್ದಾರೆ. ತಮಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕೆಂದರೆ, ಒತ್ತುವರಿ. ಡಾಕ್ಟರಿಗೆ ತಮ್ಮ ಆದೇಶವಿಲ್ಲದೆ ಹಲ್ಲು ಕೂರಿಸಲು ಆಗುವುದಿಲ್ಲ, ಖಾಸಗಿಯಲ್ಲಿ ಮಾಡಿಸಲು ನಮ್ಮ ಕೈಲಾಗುವುದಿಲ್ಲ. ಇತ್ತ ಬ್ಯಾಂಡ್‌ ಮೇಸ್ತ್ರಿ ಹುಚ್ಚಯ್ಯ ಒಳ್ಳೆಯ ಮನುಷ್ಯ. ಇವರನ್ನು ಬಿಟ್ಟಿಲ್ಲ, ತಾಳ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದಾರೆ. ಆದರೆ ಆಷಾಢ ಹುಟ್ಟಿದ ದಿನ ಮನೆಗೆ ಬಂದು ಜಗಲಿಯ ಮೇಲೆ ಕೂತು, "ಶ್ರಾವಣದ ಗಂಟ ನಿನ್ ಜಾಗ ನಿಂದೇ ಕಣ್ಲಾ ದೊರೆ. ಲಗ್ನ ಸುರುವಾದ್ರ ನಾ ಬ್ಯಾರೆಯೋರ ಕರ್ಕಬೇಕಾಯ್ತದ, ಬೇಜಾರ್ ಮಾಡ್ಕಬ್ಯಾಡ" ಎಂದು ಹೇಳಿ ಹೋದರು. ಇವರು "ಆಗಲಿ ಬುಡಣ್ಣ" ಎಂದರು. ಅಂದಿನಿಂದ ಇವರ ಬೆರಳುಗಳಿಗೆ ನೆಮ್ಮದಿಯಿಲ್ಲ. ಉಣ್ಣುವಾಗ ಎಡಗೈ ತೊಡೆಯ ಮೇಲೆ ಸ್ವರ ಹಿಡಿಯುತ್ತಿರುತ್ತದೆ. ಬಸ್ಸಿನ ಸರಳಿನ ಮೇಲೆ, ನೀರಿನ ಕೊಳವೆಯ ಮೇಲೆ, ಎಲ್ಲೆಂದರಲ್ಲಿ ಬೆರಳಾಡುತ್ತದೆ, ಶಬ್ದ ಮಾತ್ರ ಇಲ್ಲ. ಅದನ್ನು ನೋಡಿ ನನಗೆ ಅಳು ಬರುತ್ತದೆ, ಮರುಕ್ಷಣ ತಮ್ಮ ಮೇಲೆ ಸಿಟ್ಟು ಬರುತ್ತದೆ. ಎರಡನ್ನೂ ಮುಚ್ಚಿಡುವ ಹೆಂಗಸು ನಾನಲ್ಲ.

ಹೋದ ವಾರ ಚಾಮರಾಜನಗರದ ತಮ್ಮ ಕಚೇರಿಗೆ ನಾನೇ ಬಂದಿದ್ದೆ. ತಮಗೆ ನೆನಪಿರಲಾರದು. ಬೆಳಗಿನ ಮೊದಲ ಬಸ್ಸಿಗೆ ಓಡುವಾಗ ನೀರು ಕುಡಿದದ್ದಷ್ಟೇ. ಕರೆಯುತ್ತಾರೆ ಎಂದು ಬೆಂಚು ಬಿಟ್ಟು ಏಳಲಿಲ್ಲ. ಮಧ್ಯಾಹ್ನ ತಾವು ಊಟ ಮುಗಿಸಿ ಕರ್ಚೀಪಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದಿರಿ. ನನ್ನನ್ನು ನೋಡಿ, ನಿಜ ಹೇಳಬೇಕು, ಪ್ರೀತಿಯಿಂದಲೇ "ಊಟ ಆಯ್ತೇನಮ್ಮಾ?" ಎಂದಿರಿ. ವಾದ ಮಾಡಲು ಬಂದವಳು, ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಬಂದವಳು, ಎದ್ದು ನಿಂತು "ಆಯ್ತು ಸಾರ್" ಎಂದೆ. "ಹಾಗಾದರೆ ಕೂತಿರಿ" ಎಂದು ಒಳಗೆ ಹೋದಿರಿ. ಕಚೇರಿಯ ಬಾಗಿಲು ಹಾಕುವವರೆಗೂ ಕೂತಿದ್ದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ಹಿಂಬರಹವನ್ನು ಹಿಂದಕ್ಕೆ ತೆಗೆದುಕೊಂಡು, ಶ್ರಾವಣ ಹುಟ್ಟುವ ಮೊದಲು ಹಲ್ಲು ಕೂರಿಸಲು ಆದೇಶ ಕೊಡಿ. ಅನುಮಾನವಿದ್ದರೆ ಇನ್ನೊಮ್ಮೆ ಪರಿಶೀಲಿಸಿ, ಬಾಯಿ ತೆರೆಸಿ ನೋಡಿ. ಊಟದ ವಿಷಯವನ್ನೇ ಕೇಳಬೇಕೆಂದಿದ್ದರೆ ನಮ್ಮ ಮಾತು ಬರೆದುಕೊಳ್ಳಬೇಡಿ, ಬಡಿಸಿ ನೋಡಿ. ಅಂದು ನಾನು ಉಂಡಿರಲಿಲ್ಲ ಸಾರ್.

ಇಂತಿ,
ತಮ್ಮ ಕಡತದ ಪ್ರಕಾರ ಹೊಟ್ಟೆ ತುಂಬಿರುವ,
ಶ್ರೀಮತಿ ಕುಮಾರಿ ದೊರೆಸ್ವಾಮಿ
ಹರದನಹಳ್ಳಿ